ಹಳೆಯ ಪಠ್ಯಪುಸ್ತಕಕ್ಕೂ ಒಂದು ಅಕ್ಸೆಷನ್ ನಂಬರ್ ಬೇಕು

ಎಂ.ಎಡ್. ಓದುತ್ತಿದ್ದಾಗ, ನಮ್ಮ ಪ್ರಾಥಮಿಕ ಶಾಲೆಯ ಗಣಿತ ಪಠ್ಯಗಳಲ್ಲಿ ಭಿನ್ನರಾಶಿಯನ್ನು ಪರಿಚಯಿಸುವ ಕ್ರಮ ಕಾಲದಿಂದ ಕಾಲಕ್ಕೆ ಹೇಗೆ ಬದಲಾಗಿದೆ ಎಂಬುದನ್ನೇ ಪ್ರಬಂಧದ ವಿಷಯವಾಗಿ ಆರಿಸಿಕೊಂಡಿದ್ದೆ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಶಿಕ್ಷಣಶಾಸ್ತ್ರಕ್ಕೆ, ಅಂದರೆ ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ವರ್ಗೀಕರಣದ 370ರ ಸಾಲಿಗೆ, ಮೂರು ಉದ್ದನೆಯ ಕಪಾಟುಗಳಿದ್ದವು. ಶೈಕ್ಷಣಿಕ ಮನೋವಿಜ್ಞಾನದ ಪುಸ್ತಕಗಳು ಬೇಕಾದಷ್ಟಿದ್ದವು, 1966ರ ಕೊಠಾರಿ ಆಯೋಗದ ವರದಿಯೂ ಇತ್ತು. ಶಾಲೆಯ ಮಕ್ಕಳು ಕೈಯಲ್ಲಿ ಹಿಡಿದು ಓದಿದ ಪುಸ್ತಕ ಮಾತ್ರ ಒಂದೂ ಇರಲಿಲ್ಲ. ವಿಚಾರಿಸಿದರೆ, ಪಠ್ಯ ಬದಲಾದ ಮೇಲೆ ಹಳೆಯವನ್ನೆಲ್ಲ ರದ್ದಿಗೆ ಹಾಕಲಾಯಿತು ಎಂಬ ಉತ್ತರ ಬಂತು.

ಕೊನೆಗೆ ನನಗೆ ಬೇಕಾದದ್ದು ಸಿಕ್ಕಿದ್ದು ನಿವೃತ್ತ ಮೇಷ್ಟ್ರೊಬ್ಬರ ಮನೆಯ ಅಟ್ಟದಲ್ಲಿ. ವೃತ್ತಪತ್ರಿಕೆಯ ಹೊದಿಕೆ ಹಾಕಿದ್ದ ಆ ಗಣಿತ ಪುಸ್ತಕದಲ್ಲಿ, ಅರ್ಧ ಮತ್ತು ಕಾಲು ಭಾಗದ ಚಿತ್ರದ ಪಕ್ಕದ ಖಾಲಿ ಜಾಗದಲ್ಲಿ, ಪೆನ್ಸಿಲಿನಿಂದ ‘ರೊಟ್ಟಿ ಮುರಿದು ತೋರಿಸುವುದು’ ಎಂದು ಬರೆದಿತ್ತು. ಪಾಠ ಬೋಧನೆಯ ಬಗ್ಗೆ ನಾನು ಓದಿದ ಎಷ್ಟೋ ಪುಟಗಳಿಗಿಂತ ಆ ಮೂರು ಪದಗಳು ನನಗೆ ಹೆಚ್ಚು ಕಲಿಸಿದವು.

ಇದಕ್ಕೆ ಗ್ರಂಥಪಾಲಕರನ್ನು ದೂರುವುದು ನ್ಯಾಯವಲ್ಲ. ಶಿಕ್ಷಕರ ತರಬೇತಿಯನ್ನು ನಿಯಂತ್ರಿಸುವ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇಯ 2014ರ ಮಾನದಂಡಗಳು ಬಿ.ಎಡ್. ಕಾಲೇಜಿನ ಗ್ರಂಥಾಲಯದಲ್ಲಿ ಕನಿಷ್ಠ 1000 ಶೀರ್ಷಿಕೆಗಳೂ 3000 ಪುಸ್ತಕಗಳೂ ಇರಬೇಕೆನ್ನುತ್ತವೆ. ತಪಾಸಣೆಗೆ ಬಂದವರು ಎಣಿಸುವುದೂ ಅದನ್ನೇ. ಅಗ್ಗದ, ತೆಳ್ಳನೆಯ, ನಾಲ್ಕಾರು ವರ್ಷಕ್ಕೆ ಬದಲಾಗುವ ಶಾಲಾ ಪಠ್ಯವನ್ನು ಅಕ್ಸೆಷನ್ ರಿಜಿಸ್ಟರಿಗೆ, ಅಂದರೆ ಗ್ರಂಥಾಲಯಕ್ಕೆ ಸೇರಿದ ಪ್ರತಿ ಪುಸ್ತಕಕ್ಕೂ ಒಂದು ಸಂಖ್ಯೆ ಕೊಟ್ಟು ದಾಖಲಿಸುವ ಪುಸ್ತಕಕ್ಕೆ, ಏರಿಸಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಲೆಕ್ಕಕ್ಕೆ ಬಾರದ ಪುಸ್ತಕ ಕಳೆದರೆ ಕೇಳುವವರೂ ಇರುವುದಿಲ್ಲ.

ಜರ್ಮನಿಯ ಬ್ರೌನ್‌ಶ್ವೈಗ್ ನಗರದಲ್ಲಿ ಎಕರ್ಟ್ ಸಂಸ್ಥೆಯು ನಾನಾ ದೇಶಗಳ ಶಾಲಾ ಪಠ್ಯಗಳನ್ನು ಸಂಗ್ರಹಿಸುವುದಕ್ಕೆಂದೇ ಗ್ರಂಥಾಲಯ ನಡೆಸುತ್ತಿದೆ. ನಮ್ಮ ರಾಜ್ಯದಲ್ಲಿ 2022 ಮತ್ತು 2023ರಲ್ಲಿ ಪಠ್ಯ ಪರಿಷ್ಕರಣೆಯ ಬಗ್ಗೆ ಎಷ್ಟೊಂದು ಚರ್ಚೆ ನಡೆಯಿತು! ಮೊದಲಿನ ಪಾಠ ಏನಿತ್ತು ಎಂದು ಎದುರಿಗಿಟ್ಟು ತೋರಿಸುವ ಕಪಾಟು ಶಿಕ್ಷಣ ವಿಭಾಗದಲ್ಲೇ ಇಲ್ಲದಿದ್ದರೆ ಬೇರೆಲ್ಲಿ ಇರಬೇಕು? ಪಿಡಿಎಫ್ ಇದೆಯಲ್ಲ ಎನ್ನುವವರಿದ್ದಾರೆ. ಹೊಸದು ಬಂದ ಮೇಲೆ ಹಳೆಯ ಕಡತ ಜಾಲತಾಣದಲ್ಲಿ ಉಳಿಯುತ್ತದೆಂಬ ಖಾತರಿ ಇಲ್ಲ, ಮೇಷ್ಟ್ರ ಪೆನ್ಸಿಲ್ ಗುರುತಂತೂ ಅದರಲ್ಲಿ ಬರುವುದೇ ಇಲ್ಲ.

ಎರಡನೆಯ ವರ್ಷದಲ್ಲಿ 16 ವಾರ ಶಾಲೆಗಳಲ್ಲಿ ಇಂಟರ್ನ್‌ಶಿಪ್ ಮಾಡುವ ಬಿ.ಎಡ್. ವಿದ್ಯಾರ್ಥಿಗಳಿಗೂ ಇದೇ ಕಪಾಟು ಬೇಕು. ಒಂದೇ ಪಾಠವನ್ನು ಮೂರು ಕಾಲದ ಪುಸ್ತಕಗಳಲ್ಲಿ ಪಕ್ಕಪಕ್ಕದಲ್ಲಿಟ್ಟು ಓದಿದವರು ಪಾಠಯೋಜನೆಯನ್ನು ಇನ್ನೊಬ್ಬರ ಫೈಲಿನಿಂದ ನಕಲು ಮಾಡುವುದಿಲ್ಲ ಎಂಬುದು ತರಬೇತಿ ಕೊಡುತ್ತಾ ನಾನು ಕಂಡುಕೊಂಡ ಮಾತು.

ಆ ಮೇಷ್ಟ್ರು ಈಗಿಲ್ಲ. ಅವರ ಮನೆಯವರು ಅಟ್ಟದಲ್ಲಿದ್ದ ಎರಡು ಚೀಲ ಪುಸ್ತಕಗಳನ್ನು ನನಗೆ ಕೊಟ್ಟಿದ್ದಾರೆ. ಅವನ್ನು ವಿಭಾಗದ ಗ್ರಂಥಾಲಯಕ್ಕೆ ಒಪ್ಪಿಸುವಾಗ, ಪ್ರತಿಯೊಂದಕ್ಕೂ ಅಕ್ಸೆಷನ್ ನಂಬರ್ ಬೀಳಬೇಕು ಎಂಬ ಒಂದೇ ಷರತ್ತನ್ನು ಪತ್ರದಲ್ಲಿ ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಚೀಲವಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ, ನನಗೆ ತಿಳಿಸಿ.