ಖುಮ್‌ಜುಂಗ್‌ನ ಯೇತಿ, ನಮ್ಮೂರಿನ ಕೊಳ್ಳಿದೆವ್ವ

ಬೆಂಗಳೂರಿನಿಂದ ಚಿಕ್ಕಪ್ಪನ ಮಗ ಕಠ್ಮಂಡುವಿಗೆ ಬಂದಿದ್ದ. ಅವನನ್ನು ಕರೆದುಕೊಂಡು ಎವರೆಸ್ಟ್ ದಾರಿಯ ಖುಮ್‌ಜುಂಗ್‌ವರೆಗೆ ಹೋಗಿದ್ದೆ. ಅಲ್ಲಿನ ಗೊಂಪಾದಲ್ಲಿ, ಅಂದರೆ ಬೌದ್ಧ ಮಠದಲ್ಲಿ, ಹಿಮಾಲಯದ ಹಿಮಮಾನವ ಅನ್ನುತ್ತಾರಲ್ಲ, ಆ ಯೇತಿಯದ್ದು ಎಂದು ಹೇಳುವ ನೆತ್ತಿಯ ಚರ್ಮ ಇದೆ. ಕಾಣಿಕೆ ಹಾಕಿದರೆ ಬೀಗ ತೆಗೆದು ತೋರಿಸುತ್ತಾರೆ. ತುದಿ ಚೂಪಾದ ಟೋಪಿಯ ಆಕಾರ. ಕೆಂಪು ಮಿಶ್ರಿತ ಕಂದು ಕೂದಲು, ಒರಟು. ತಮ್ಮ ನೋಡಿದವನೇ, "ಅಣ್ಣ, ಇದು ನಿಜವಾ ಅಂತ ಕೇಳು" ಅಂದ. ಮಠದಲ್ಲಿ ನಿಂತು ಹೇಗಪ್ಪಾ ಕೇಳೋದು ಅಂತ ನನಗೆ ಇರಿಸುಮುರಿಸು. ಆದರೂ ನೇಪಾಳಿಯಲ್ಲಿ ಮೆಲ್ಲಗೆ ಕೇಳಿದೆ.

ಬೀಗದ ಕೈ ಹಿಡಿದಿದ್ದ ಅಜ್ಜ ಮುಖ ಗಂಟಿಕ್ಕಲಿಲ್ಲ. "ಹಿಲರಿ ಸಾಹೇಬರು ತಗೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಸೆರೋ ಚರ್ಮ ಅಂದರು. ಯೇತಿಯದ್ದು ಅಂತ ನಮ್ಮ ಹಿರಿಯರು ಹೇಳಿದ್ದು." ಅಷ್ಟೇ. ಎರಡನ್ನೂ ಒಂದೇ ದನಿಯಲ್ಲಿ ಹೇಳಿ ಮುಂದಿನವರ ಕಡೆ ತಿರುಗಿದ. ಸೆರೋ ಅಂದರೆ ಹಿಮಾಲಯದ ಕಾಡಲ್ಲಿರುವ, ಮೇಕೆಯ ಹತ್ತಿರದ ಪ್ರಾಣಿ.

ಕಠ್ಮಂಡುವಿಗೆ ಬಂದ ಮೇಲೆ ಇದು ನನ್ನ ತಲೆಯಿಂದ ಹೋಗಲೇ ಇಲ್ಲ. ನಮ್ಮ ಕಡೆ ಯಾರಾದರೂ ಹೀಗೆ ಹೇಳುತ್ತಾರಾ?

ಆ ಚರ್ಮದ ಕಥೆ ದೊಡ್ಡದು. 1960ರಲ್ಲಿ ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ ತಂಡ ಕಟ್ಟಿಕೊಂಡು ಬಂದರು, ಯೇತಿಯನ್ನು ಹುಡುಕುವುದೂ ಅವರ ಉದ್ದೇಶಗಳಲ್ಲಿ ಒಂದು. ಖುಮ್‌ಜುಂಗ್‌ನವರನ್ನು ಒಪ್ಪಿಸಿ ಚರ್ಮವನ್ನು ಆರು ವಾರದ ವಾಯಿದೆ ಮೇಲೆ ಪಡೆದರು. ಊರವರು ಸುಮ್ನೆ ಕಳಿಸಲಿಲ್ಲ. ತಮ್ಮ ಹಿರಿಯ ಖುಂಜೋ ಚುಂಬಿಯನ್ನು ಜೊತೆಗೆ ಕಳಿಸಿದರು. ಆತ ಷಿಕಾಗೊ, ಪ್ಯಾರಿಸ್, ಲಂಡನ್ ಸುತ್ತಿದ. ಅಲ್ಲಿನ ಪಂಡಿತರು ಕೂದಲು ಪರೀಕ್ಷಿಸಿ ಸೆರೋ ಅಂದರು. ಚುಂಬಿ ಕೊಟ್ಟ ಉತ್ತರವನ್ನು ಶೆರ್ಪಾಗಳು ಇವತ್ತಿಗೂ ಹೇಳುತ್ತಾರೆ: ನಮ್ಮಲ್ಲಿ ಜಿರಾಫೆ ಇಲ್ಲ, ಕಾಂಗರೂ ಇಲ್ಲ, ಅವುಗಳ ಬಗ್ಗೆ ನಮಗೆ ಗೊತ್ತಿಲ್ಲ. ನಿಮ್ಮಲ್ಲಿ ಯೇತಿ ಇಲ್ಲ, ನಿಮಗೂ ಗೊತ್ತಿಲ್ಲದಿರುವುದು ಸಹಜ. ಚರ್ಮ ವಾಪಸ್ ಬಂತು, ಇದ್ದ ಜಾಗದಲ್ಲೇ ಕೂತಿತು. ಮರುವರ್ಷ ಹಿಲರಿ ಅದೇ ಊರಲ್ಲಿ ಶಾಲೆ ಕಟ್ಟಿಸಿದರು. ಶಾಲೆಯೂ ಇದೆ, ಚರ್ಮವೂ ಇದೆ. ಒಂದಕ್ಕಾಗಿ ಇನ್ನೊಂದನ್ನು ಅವರು ಬಿಡಲಿಲ್ಲ.

ನಾವು ಉಳಿದುಕೊಂಡ ಮನೆಯ ದೀದಿ ರಾತ್ರಿ ಒಲೆಗೆ ಯಾಕ್ ಸಗಣಿಯ ಬೆರಣಿ ಹಾಕುತ್ತಾ ಒಂದು ಕಥೆ ಹೇಳಿದಳು. ಹಿಂದೆ ಯೇತಿಗಳು ಜಾಸ್ತಿ ಆಗಿದ್ದವಂತೆ. ಬೆಳೆ ಕಿತ್ತು ಹಾಳು ಮಾಡುತ್ತಿದ್ದವು, ಯಾಕ್‌ಗಳನ್ನು ಕೊಲ್ಲುತ್ತಿದ್ದವು. ಮನುಷ್ಯರು ಏನು ಮಾಡಿದರೂ ನೋಡಿಕೊಂಡು ಹಾಗೇ ಮಾಡುವುದು ಅವುಗಳ ಚಾಳಿ. ಊರವರು ಬಯಲಲ್ಲಿ ಸೇರಿ ಛಾಂಗ್, ಅಂದರೆ ಧಾನ್ಯದಿಂದ ಮಾಡುವ ಹೆಂಡ, ಕುಡಿದಂತೆ ನಟಿಸಿದರು. ಮರದ ಕತ್ತಿಯಲ್ಲಿ ಹೊಡೆದಾಡಿಕೊಂಡಂತೆ ನಟಿಸಿದರು. ಸಂಜೆ ಛಾಂಗ್ ತುಂಬಿದ ಪಾತ್ರೆಗಳನ್ನೂ ನಿಜವಾದ ಕತ್ತಿಗಳನ್ನೂ ಅಲ್ಲೇ ಬಿಟ್ಟು ಮನೆ ಸೇರಿದರು. ಕತ್ತಲಾದ ಮೇಲೆ ಯೇತಿಗಳು ಇಳಿದು ಬಂದು ಕಂಠಪೂರ್ತಿ ಕುಡಿದು ಒಂದನ್ನೊಂದು ಕಡಿದುಕೊಂಡವು. ಉಳಿದವು ಮೇಲಿನ ಹಿಮಕ್ಕೆ ಓಡಿದವು.

ಯೇತಿ ಅಟ್ಟಿಸಿಕೊಂಡು ಬಂದರೆ ಇಳಿಜಾರಿನ ಕಡೆಗೇ ಓಡಬೇಕು, ಇಳಿಯುವಾಗ ಅದರ ಕೂದಲು ಕಣ್ಣಿಗೆ ಬೀಳುತ್ತದೆ ಅಂತಲೂ ಹೇಳಿದಳು. ಹಾಗಾದರೆ ಈಗಲೂ ಯಾಕ್ ಸತ್ತರೆ ಯೇತಿಯೇ ಕಾರಣವಾ ಅಂತ ಕೇಳಿದೆ. ಹಿಮಚಿರತೆ ಇರುತ್ತದೆ, ಹೆಚ್ಚಿನ ಸಲ ಅದೇ, ಅಂದಳು. ದನಿಯಲ್ಲಿ ಸ್ವಲ್ಪವೂ ಬದಲಾವಣೆ ಇಲ್ಲ.

ನಮ್ಮದು ಸಾಗರದ ಕಡೆ. ಅಜ್ಜಿ ಕೊಳ್ಳಿದೆವ್ವದ ಕಥೆ ಹೇಳುತ್ತಿದ್ದಳು. ಗದ್ದೆ ಬಯಲಲ್ಲಿ ಬೆಂಕಿ ನಡೆದುಕೊಂಡು ಹೋಗುತ್ತಿತ್ತಂತೆ, ಚೌಡಿ ಬನದ ಹತ್ತಿರ ಆರುತ್ತಿತ್ತಂತೆ. ಚಿಕ್ಕಪ್ಪ ಕಾಲೇಜು ಸೇರಿ ಬಂದು, ಅದು ಕೆಸರಿನಿಂದ ಬರುವ ಗ್ಯಾಸು ಅಮ್ಮ, ಮಕ್ಕಳಿಗೆ ಇಲ್ಲದ್ದೆಲ್ಲ ಹೇಳಬೇಡ ಅಂದರು. ಅಜ್ಜಿ ಆಮೇಲೆ ಹೇಳಲೇ ಇಲ್ಲ. ಗ್ಯಾಸು ಅಂತ ಗೊತ್ತಾದರೆ ಕಥೆ ಯಾಕೆ ನಿಲ್ಲಬೇಕಿತ್ತು? ಈ ಪ್ರಶ್ನೆ ನನಗೆ ಹೊಳೆಯಲು ಖುಮ್‌ಜುಂಗ್‌ವರೆಗೆ ಹೋಗಬೇಕಾಯಿತು.

ಅದೇ ಚಿಕ್ಕಪ್ಪನ ಬೆಂಗಳೂರಿನ ಮನೆ ಬಾಗಿಲ ಮೇಲೆ ಒಂದು ಕಾಲದಲ್ಲಿ "ನಾಳೆ ಬಾ" ಅಂತ ಸೀಮೆಸುಣ್ಣದ ಬರಹ ಇತ್ತು. ನಾನೇ ನೋಡಿದ್ದೇನೆ. ಈಗ ಕೇಳಿದರೆ ಪಕ್ಕದ ಮನೆಯವರು ಬರೆದಿದ್ದು ಅನ್ನುತ್ತಾರೆ. ನಮ್ಮಲ್ಲಿ ಎರಡೇ ದಾರಿ. ಒಂದೋ ಹೆದರಿ ಬಾಗಿಲಿಗೆ ಬರೆಯಬೇಕು, ಇಲ್ಲವೋ ಮೂಢನಂಬಿಕೆ ಅಂತ ಒರೆಸಿ ನಾಚಿಕೊಳ್ಳಬೇಕು. ನಡುವೆ ನಿಲ್ಲಲು ಜಾಗವೇ ಇಲ್ಲ. ಚಿಕ್ಕಪ್ಪನಂಥ ಓದಿದವರು ಬಾಯಿ ಮುಚ್ಚಿಸಿದ ಕಥೆಗಳನ್ನು ಟಿವಿಯವರು ರಾತ್ರಿ ಹನ್ನೊಂದಕ್ಕೆ ಹಿನ್ನೆಲೆ ಸಂಗೀತ ಹಾಕಿ ಮಾರುತ್ತಾರೆ.

2019ರ ಏಪ್ರಿಲ್‌ನಲ್ಲಿ ನಮ್ಮ ಭಾರತದ ಸೇನೆಯವರು ನೇಪಾಳದ ಮಕಾಲು ಶಿಖರದ ತಪ್ಪಲಲ್ಲಿ ಯೇತಿಯ ಹೆಜ್ಜೆ ಕಂಡಿದೆ ಅಂತ ಫೋಟೋ ಹಾಕಿದರಲ್ಲ, 32 ಇಂಚು ಉದ್ದ, 15 ಇಂಚು ಅಗಲ. ಊರಿಂದ ನನಗೆ ಒಂದೇ ಸಮನೆ ಫೋನು. ಟಿವಿಯಲ್ಲಿ ಅದೇ ಚರ್ಚೆಯಂತೆ, ನೀನು ಅಲ್ಲೇ ಇದ್ದೀಯ, ಹುಷಾರು ಅಂತ ಅತ್ತೆ. ಎಲ್ಲಾ ಬೊಗಳೆ ಅಂತ ಮಾವ. ನೇಪಾಳದ ಸೇನೆಯವರು ಮಾತ್ರ, ಆ ಭಾಗದಲ್ಲಿ ಕರಡಿ ಓಡಾಡುತ್ತವೆ, ಅದರದ್ದೇ ಹೆಜ್ಜೆ ಅಂತ ಸ್ಥಳೀಯರು ಹೇಳುತ್ತಾರೆ ಅಂದರು. ಅದಕ್ಕೂ ಎರಡು ವರ್ಷ ಹಿಂದೆ ವಿಜ್ಞಾನಿಗಳು ಯೇತಿಯದ್ದು ಎನ್ನಲಾದ ಒಂಬತ್ತು ಮೂಳೆ, ಹಲ್ಲು, ಕೂದಲು, ಚರ್ಮಗಳ ಡಿಎನ್ಎ ನೋಡಿದ್ದರು. ಎಂಟು ಕರಡಿಯವು, ಒಂದು ನಾಯಿಯದು. ಶೆರ್ಪಾಗಳಿಗೆ ಇದು ಅಷ್ಟೇನೂ ಹೊಸದಲ್ಲ. ಜಾನುವಾರು ತಿನ್ನುವ ದೊಡ್ಡ ಯೇತಿಗೆ ಜೂತೇ ಅಂತಲೂ ಮನುಷ್ಯನ ಹಾಗಿರುವುದಕ್ಕೆ ಮೀತೇ ಅಂತಲೂ ಅವರು ಮೊದಲಿನಿಂದ ಬೇರೆ ಬೇರೆ ಹೆಸರು ಇಟ್ಟುಕೊಂಡಿದ್ದಾರೆ. ಜೂತೇ ಕಂದು ಕರಡಿಯೇ ಇರಬೇಕು ಎನ್ನುವವರು ಬಹಳ. ಕರಡಿಯ ಲೆಕ್ಕ ಕರಡಿಗೆ, ಕಥೆಯ ಲೆಕ್ಕ ಕಥೆಗೆ.

ಭೂತಾನ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಯೇತಿಗೆ ಮಿಗೊಯ್ ಅನ್ನುತ್ತಾರೆ. ಪೂರ್ವದ ಸಕ್ತೇಂಗ್ ವನ್ಯಧಾಮದಲ್ಲಿ ಕಾಪಾಡಬೇಕಾದ ಜೀವಿಗಳಲ್ಲಿ ಮಿಗೊಯ್ ಕೂಡ ಒಂದು ಎನ್ನುತ್ತಾರೆ. ನಮ್ಮೂರಿನ ಚೌಡಿ ಬನದಲ್ಲಿ ಈಗ ಅಡಿಕೆ ಇದೆ. ಚೌಡಿಯನ್ನು ಸಿಮೆಂಟಿನ ಕಟ್ಟೆಗೆ ತಂದು ಕೂರಿಸಿದ್ದಾರೆ. ಹೋದ ಸಲ ಊರಿಗೆ ಹೋದಾಗ ನೋಡಿ ಹೊಟ್ಟೆ ಉರಿಯಿತು.

ನೇಪಾಳದಲ್ಲಿ ಎಲ್ಲಾ ಸರಿ ಇದೆ ಅಂತಲ್ಲ. ಖುಮ್‌ಜುಂಗ್ ಕಡೆಯದೇ ಊರಾದ ಪಾಂಗ್ಬೋಚೆಯ ಮಠದಲ್ಲಿದ್ದ ಯೇತಿಯ ಕೈ 1990ರ ದಶಕದಲ್ಲಿ ಕಳುವಾಯಿತು. ಗುಹೆಯಲ್ಲಿ ತಪಸ್ಸಿಗೆ ಕೂತ ಲಾಮಾಗೆ ನೀರು, ಸೌದೆ ತಂದುಕೊಡುತ್ತಿದ್ದ ಯೇತಿಯ ಕೈ ಅದು ಅಂತ ಅವರ ನಂಬಿಕೆ. ಅಂಥದ್ದನ್ನೂ ಉಳಿಸಿಕೊಳ್ಳಲಾಗಲಿಲ್ಲ. ಕಠ್ಮಂಡುವಿನಲ್ಲಿ ಯೇತಿ ಅಂದರೆ ವಿಮಾನ ಕಂಪನಿಯ ಹೆಸರು, ಟೀ ಶರ್ಟಿನ ಮೇಲಿನ ಚಿತ್ರ. ದೀದಿಯ ಮಗ ಇಲ್ಲೇ ಓದುತ್ತಾನೆ. ಛಾಂಗ್ ಕುಡಿದ ಯೇತಿಗಳ ಕಥೆ ಅವನಿಗೆ ಅರ್ಧ ಮಾತ್ರ ಗೊತ್ತು.

ನನ್ನ ವಾದ ಕೇಳಿದ ಗೆಳೆಯರೊಬ್ಬರು ಜಗಳಕ್ಕೇ ನಿಂತರು. ಉಡುಪಿ ಕಡೆಯವರು. ಪಶುಪತಿನಾಥದಲ್ಲಿ ಪೂಜೆಗೆ ನಿಲ್ಲುವ ಭಟ್ಟರು ಕರ್ನಾಟಕದವರೇ ಅಲ್ವಾ, ದೇವಸ್ಥಾನಕ್ಕೆ ಹೋದಾಗಲೇ ಇವರ ಪರಿಚಯ ಆಗಿದ್ದು. "ನಮ್ಮ ಪಂಜುರ್ಲಿಯ ಕೋಲಕ್ಕೆ ಒಮ್ಮೆ ಬನ್ನಿ ಮಾರಾಯ್ರೆ. ಎಂಜಿನಿಯರು, ಡಾಕ್ಟರು ಎಲ್ಲಾ ಕೈ ಮುಗಿದು ನಿಂತು ಮನೆ ಕಷ್ಟ ಹೇಳಿಕೊಳ್ತಾರೆ. ಯಾರಿಗೂ ನಾಚಿಕೆ ಇಲ್ಲ." ಹೌದು. ಕರಾವಳಿಯವರ ಮಟ್ಟಿಗೆ ನನ್ನ ದೂರು ನಿಲ್ಲುವುದಿಲ್ಲ, ಅದನ್ನು ಒಪ್ಪಲೇಬೇಕು. ಚಿಕ್ಕಪ್ಪನ ವಿಷಯದಲ್ಲೂ ಒಂದು ಮಾತು ಹೇಳಬೇಕು. ಮಕ್ಕಳು ರಾತ್ರಿ ಹೆದರಿ ಜ್ವರ ಬಂದು ಮಲಗುತ್ತಿದ್ದುದು ಸುಳ್ಳಲ್ಲ. ಅವರು ಅಡ್ಡ ಬಂದಿದ್ದು ಅದಕ್ಕೇ.

ಆದರೂ ಕೊಳ್ಳಿದೆವ್ವ ಹೊರಡುತ್ತಿದ್ದ ಗದ್ದೆ ಯಾವುದು ಅಂತ ಹೇಳಬಲ್ಲವರು ಈಗ ನಮ್ಮ ಮನೆಯಲ್ಲಿ ದೊಡ್ಡತ್ತೆ ಒಬ್ಬರೇ. ಅವರಿಗೆ ಎಂಬತ್ತು ದಾಟಿದೆ. ಅಕ್ಕನಿಗೆ ಫೋನ್ ಮಾಡಿ ಹೇಳಿದ್ದೇನೆ, ಭೂಮಿ ಹುಣ್ಣಿಮೆಗೆ ಹೋದಾಗ ಪಕ್ಕದಲ್ಲಿ ಕೂತು ಎಲ್ಲಾ ರೆಕಾರ್ಡ್ ಮಾಡು, ಯಾರ ಗದ್ದೆ, ಯಾವ ಅಂಚು, ಎಷ್ಟು ಹೊತ್ತಿಗೆ ಅಂತ ಒಂದೊಂದೇ ಕೇಳು ಅಂತ.