ಮಗುವಿನ ಯಕೃತ್ತಿನ ನೀರುಗುಳ್ಳೆ: ರಂಧ್ರ ಸಾಕೇ, ಹೊಟ್ಟೆ ತೆರೆಯಬೇಕೇ?

ಪರ: ರಂಧ್ರವೇ ಸಾಕು

ಬಾಗಲಕೋಟೆ ಕಡೆಯ ಕುರಿಹಟ್ಟಿಯ ಮಗುವಿಗೆ ನಾಯಿಯೇ ಆಟದ ಜೊತೆಗಾರ. ರೋಗ ತಗುಲಿದ ಕುರಿಯ ಯಕೃತ್ತು, ಶ್ವಾಸಕೋಶ ತಿಂದ ನಾಯಿಯ ಕರುಳಿನಲ್ಲಿ ಎಕಿನೋಕಾಕಸ್ ಎಂಬ ಪುಟ್ಟ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆ ನಾಯಿಯ ಮಲದಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ. ಮುಂದೆ ಯಕೃತ್ತಿನಲ್ಲಿ ಹೈಡಾಟಿಡ್ ಗುಳ್ಳೆ.

ಇದಕ್ಕಾಗಿ ಪಕ್ಕೆಲುಬಿನ ಕೆಳಗೆ ಗೇಣುದ್ದ ಕೊಯ್ಯಬೇಕೇ? ಕ್ಯಾಮೆರಾ, ಉಪಕರಣಗಳನ್ನು ರಂಧ್ರದಿಂದ ಒಳಗಿಳಿಸಿ ಮಾಡುವ ಲ್ಯಾಪರೋಸ್ಕೋಪಿಗೆ 5ರಿಂದ 10 ಮಿಲಿಮೀಟರಿನ ಮೂರು-ನಾಲ್ಕು ರಂಧ್ರ ಸಾಕು. ನೋವು ಕಡಿಮೆ, ಮಗು ಬೇಗ ಎದ್ದು ಓಡಾಡುತ್ತದೆ. ಅಪ್ಪ ಆಸ್ಪತ್ರೆಯ ವರಾಂಡದಲ್ಲಿ ಕುಳಿತಷ್ಟು ದಿನ ಕುರಿ ಕಾಯುವವರು ಯಾರು? ನನ್ನ ಲೆಕ್ಕದಲ್ಲಿ ಅದೂ ಚಿಕಿತ್ಸೆಯ ವೆಚ್ಚವೇ.

ಗುಳ್ಳೆ ಖಾಲಿಯಾದ ಮೇಲೆ ಕ್ಯಾಮೆರಾವನ್ನು ಅದರೊಳಗೇ ಇಳಿಸಬಹುದು. ಉಳಿದ ಮರಿಗುಳ್ಳೆ, ಪಿತ್ತ ಜಿನುಗುವ ನಾಳದ ಬಾಯಿ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತವೆ. ಗುಳ್ಳೆಯ ನೀರು ಹೊಟ್ಟೆಯೊಳಗೆ ಸೋರುವ ಭಯವೇ? ಮುಂಚಿತವಾಗಿ ಹುಳುವಿನ ಮದ್ದು ಆಲ್ಬೆಂಡಜೋಲ್ ಕೊಡುತ್ತಾರೆ. ಗುಳ್ಳೆಯ ನೀರನ್ನು ಹೀರಿ ತೆಗೆಯಲೆಂದೇ ಕೊಯಮತ್ತೂರಿನ ಶಸ್ತ್ರವೈದ್ಯ ಡಾ. ಸಿ. ಪಳನಿವೇಲು ವಿಶೇಷ ಕೊಳವೆಯನ್ನೂ ರೂಪಿಸಿದ್ದಾರೆ.

ವಿರೋಧ: ಸೋರಿದರೆ ಗತಿಯೇನು?

ಕ್ಯಾಮೆರಾ ಚೆನ್ನಾಗಿ ತೋರಿಸುತ್ತದೆ, ಒಪ್ಪಿದೆ. ಅದು ಗುಳ್ಳೆ ಖಾಲಿಯಾದ ಮೇಲಿನ ಮಾತು. ನನ್ನ ಭಯ ಖಾಲಿ ಮಾಡುವ ಗಳಿಗೆಯದು.

ಎಳೆಯ ಗುಳ್ಳೆಯೊಳಗೆ ತಿಳಿನೀರು ಬಿಗಿದು ನಿಂತಿರುತ್ತದೆ. ಸೂಜಿ ಚುಚ್ಚಿದೊಡನೆ ಚಿಮ್ಮಬಹುದು. ಅದರಲ್ಲಿರುವ ಹುಳುವಿನ ಎಳೆತಲೆಗಳು ಹೊಟ್ಟೆಯೊಳಗೆ ಚೆಲ್ಲಿದರೆ ಒಂದೊಂದೂ ಹೊಸ ಗುಳ್ಳೆಯಾಗಬಲ್ಲದು. ತೀವ್ರ ಅಲರ್ಜಿಯಾದರೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ರಕ್ತದೊತ್ತಡ ಕುಸಿಯುತ್ತದೆ. ಹೊಟ್ಟೆ ತೆರೆದಿದ್ದರೆ ಗುಳ್ಳೆಯ ಸುತ್ತ, ಎಳೆತಲೆಗಳನ್ನು ಕೊಲ್ಲುವ ಶೇ 20ರ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಕೈಯಾರೆ ಒತ್ತಿ ಒಡ್ಡು ಕಟ್ಟಬಹುದು. (ಉಪ್ಪುನೀರು ಅತಿಯಾಗಿ ಮೈಗೆ ಸೇರಿದರೆ ರಕ್ತದ ಸೋಡಿಯಂ ಏರುತ್ತದೆ, ಆ ಎಚ್ಚರ ಎರಡೂ ವಿಧಾನಕ್ಕೆ ಬೇಕು.) ಆರು ವರ್ಷದ ಮಗುವಿನ ಇಕ್ಕಟ್ಟಾದ ಹೊಟ್ಟೆಯಲ್ಲಿ ಉದ್ದನೆಯ ಉಪಕರಣದ ತುದಿಯಿಂದ ಅಂಥ ಒಡ್ಡು ಕಟ್ಟಿ ನೋಡಿ! ಗುಳ್ಳೆ ಯಕೃತ್ತಿನ ಹಿಂಬದಿಯಲ್ಲಿ, ಎದೆ-ಹೊಟ್ಟೆಗಳ ನಡುವಿನ ವಪೆಗೆ ತಾಗಿ ಕುಳಿತಿದ್ದರಂತೂ ತಲುಪುವುದೇ ಕಷ್ಟ.

ಕುರಿಯ ಲೆಕ್ಕ ಹೇಳಿದಿರಿ, ಅದನ್ನೇ ಮುಂದುವರಿಸೋಣ. ಚೆಲ್ಲಿದ್ದು ಮತ್ತೆ ಗುಳ್ಳೆಯಾಗಿ ಕಾಣಲು ವರ್ಷಗಳೇ ಹಿಡಿಯಬಹುದು. ಅಷ್ಟರಲ್ಲಿ ಮೇವು ಅರಸಿ ಹೊರಟ ಕುಟುಂಬ ಯಾವ ಜಿಲ್ಲೆಯಲ್ಲಿರುತ್ತದೋ. ತಪ್ಪದೆ ಸ್ಕ್ಯಾನಿಂಗ್‌ಗೆ ಬರುವ ಮಗುವಾದರೆ ತೊಂದರೆ ಬೇಗ ಪತ್ತೆಯಾದೀತು. ಬಾರದ ಮಗುವಿನ ಪಾಡೇನು?

ಗುಳ್ಳೆ ಒಂದೇ ಇದ್ದು, ಮುಂಬದಿಯಲ್ಲಿದ್ದು, ಮಾಡುವ ಕೈ ಪಳಗಿದ್ದರೆ ರಂಧ್ರಕ್ಕೆ ನನ್ನ ತಕರಾರಿಲ್ಲ. ನಡುವೆ ತೊಡಕಾದರೆ ಹೊಟ್ಟೆ ತೆರೆಯಬೇಕಾಗುತ್ತದೆ ಎಂಬುದನ್ನು ಮಾತ್ರ ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೊದಲೇ ಬಿಡಿಸಿ ಹೇಳಿರಬೇಕು.