ವಂಶವೃಕ್ಷದಲ್ಲಿ ಕಾಯಿಲೆಗೂ ಒಂದು ಜಾಗ

ದೊಡ್ಡಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ ವಂಶವೃಕ್ಷ ಬೇಕಾಯಿತು. ನಾಡಕಚೇರಿಗೆ ಹೋಗುವ ಮೊದಲು ಮನೆಯವರೆಲ್ಲ ಕೂತು ಒಂದು ಹೆಸರೂ ತಪ್ಪದ ಹಾಗೆ ಬರೆದೆವು. ಆಗ ಚಿಕ್ಕಮ್ಮ ಮೆಲ್ಲಗೆ ಅಂದರು, "ಭಾವನೋರಿಗೂ ಮಾವನೋರ ಹಾಗೇ ಆಯ್ತಲ್ಲ. ಕಾಮಾಲೆ ಬಂತು, ಮೂರೇ ತಿಂಗಳು."

ದೊಡ್ಡಪ್ಪನಿಗೆ ಆಗಿದ್ದು ಪ್ಯಾಂಕ್ರಿಯಾಸ್ (ಮೇದೋಜ್ಜೀರಕ ಗ್ರಂಥಿ) ಕ್ಯಾನ್ಸರ್. ಅಜ್ಜನಿಗೆ? ಅವರ ಜಮೀನಿನ ಪತ್ರಗಳೆಲ್ಲ ಇವೆ, ಕಾಯಿಲೆಯದು ಒಂದು ಚೀಟಿಯೂ ಇಲ್ಲ. ನನ್ನಪ್ಪನಿಗೆ ಒಬ್ಬರು ತಂದೆ, ಇನ್ನೊಬ್ಬರು ಒಡಹುಟ್ಟಿದ ಅಣ್ಣ. ಅಂದಿನಿಂದ ನನಗೆ ನಿದ್ದೆ ಸರಿಯಾಗಿಲ್ಲ.

ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಮನೆಯ ಕಥೆ ಗೊತ್ತಾ? ತಂದೆ 1953ರಲ್ಲಿ, ತಂಗಿ ರೂತ್ 1983ರಲ್ಲಿ, ತಮ್ಮ ಬಿಲ್ಲಿ 1988ರಲ್ಲಿ, ಇನ್ನೊಬ್ಬ ತಂಗಿ ಗ್ಲೋರಿಯಾ 1990ರಲ್ಲಿ. ನಾಲ್ವರನ್ನೂ ಕರೆದೊಯ್ದಿದ್ದು ಇದೇ ಕ್ಯಾನ್ಸರ್. ಕಾರ್ಟರ್ ಮಾತ್ರ 100 ವರ್ಷ ಬದುಕಿದರು. ಅವರು ಸಿಗರೇಟು ಮುಟ್ಟಿದವರಲ್ಲ, ಆ ನಾಲ್ವರೂ ಸೇದುತ್ತಿದ್ದರು. ನಮ್ಮನೆಯ ಬೀಡಿ ಸೇದುವವರು ಇದನ್ನು ದಯವಿಟ್ಟು ಎರಡು ಸಲ ಓದಿ.

ಇಂಥ ಮನೆಗಳನ್ನು ಹುಡುಕಿ ದಾಖಲಿಸಲೆಂದೇ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 1994ರಲ್ಲಿ ಒಂದು ನೋಂದಣಿ ಶುರುವಾಯಿತು. ಕಾಯಿಲೆ ಬಂದವರ ಜೊತೆ ಅವರ ಆರೋಗ್ಯವಂತ ಮಕ್ಕಳು, ಒಡಹುಟ್ಟಿದವರ ಹೆಸರನ್ನೂ ಬರೆದುಕೊಂಡು, ವರ್ಷಗಟ್ಟಲೆ ಅವರ ಬೆನ್ನು ಬಿಡದೆ ವಿಚಾರಿಸುತ್ತಾರೆ. 838 ಕುಟುಂಬಗಳನ್ನು ಹೀಗೆ ನೋಡಿ 2004ರಲ್ಲಿ ಹೇಳಿದ್ದು: ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಮೂರು ಅಥವಾ ಜಾಸ್ತಿ ಜನಕ್ಕೆ ಬಂದಿದ್ದರೆ ಅಪಾಯ ಸುಮಾರು 32 ಪಟ್ಟು. ಇಬ್ಬರಿಗಾದರೆ 6 ಪಟ್ಟು. 2009ರಲ್ಲಿ ಪಾಲ್ಬಿ2 ಜೀನಿಗೂ ಈ ಕಾಯಿಲೆಗೂ ಇರುವ ನಂಟು ಸಿಕ್ಕಿದ್ದೂ ಇಂಥ ಕುಟುಂಬದಿಂದಲೇ.

ಈ ಗ್ರಂಥಿ ಹೊಟ್ಟೆಯೊಳಗೆ ಜಠರದ ಹಿಂದೆ ಅಡಗಿರುತ್ತದೆ. ಗೊತ್ತಾಗುವಷ್ಟರಲ್ಲಿ ಹೆಚ್ಚಿನವರಿಗೆ ಕೈಮೀರಿರುತ್ತದೆ. ಎಲ್ಲರಿಗೂ ಸ್ಕ್ಯಾನ್ ಮಾಡಿ ಪ್ರಯೋಜನವಿಲ್ಲ, ಸುಮ್ನೆ ಗಾಬರಿ. ಆದರೆ ಅಪಾಯ ಜಾಸ್ತಿ ಇರುವ ಮನೆಯವರಿಗೆ ಸಾಮಾನ್ಯವಾಗಿ 50ರಿಂದ, ಇಲ್ಲವೇ ಮನೆಯಲ್ಲಿ ಅತಿ ಚಿಕ್ಕ ವಯಸ್ಸಿಗೆ ಬಂದವರಿಗಿಂತ 10 ವರ್ಷ ಮೊದಲಿನಿಂದ, ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಬಾಯಿಯಿಂದ ನಳಿಕೆ ಇಳಿಸಿ ಮಾಡುವ ಸ್ಕ್ಯಾನ್) ಮಾಡುತ್ತಾರೆ.

ದೊಡ್ಡಪ್ಪ ಬದುಕಿದ್ದಾಗಲೇ ಜೀನ್ ಪರೀಕ್ಷೆಗೆ ರಕ್ತ ತೆಗೆದಿದ್ದರೆ ನಮ್ಮೆಲ್ಲರಿಗೂ ದಾರಿ ಸಿಗಬಹುದಿತ್ತು. ಈ ಕ್ಯಾನ್ಸರ್ ಬಂದ ಪ್ರತಿಯೊಬ್ಬರಿಗೂ ಅದನ್ನು ಮಾಡಿ ಅಂತ ಅಮೆರಿಕದ ಮಾರ್ಗಸೂಚಿ 2019ರಿಂದಲೇ ಹೇಳುತ್ತಿದೆ. ನಮಗೆ ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಇನ್ನೊಂದು ಮಾತು. ಆಸ್ತಿಯ ಲೆಕ್ಕ ಮಾಡುವಾಗ ಕೊಟ್ಟ ಹೆಣ್ಣುಮಕ್ಕಳನ್ನು ಮರೆಯುವ ಮನೆಗಳು ಇವತ್ತಿಗೂ ಇವೆ. ಜೀನು ಹಾಗಲ್ಲ, ಅದು ಮಗಳಿಗೂ ಮಗನಿಗೂ ಒಂದೇ ಸಮ. ಬಿಆರ್‌ಸಿಎ2 ಅನ್ನುವ ಜೀನ್ ಕೆಟ್ಟಿದ್ದರೆ ಅಣ್ಣನಿಗೆ ಪ್ಯಾಂಕ್ರಿಯಾಸ್‌ನಲ್ಲಿ, ತಂಗಿಗೆ ಸ್ತನದಲ್ಲಿ ಕ್ಯಾನ್ಸರ್ ಬರಬಹುದು. ನಮ್ಮ ಸೋದರತ್ತೆಗೆ ಸ್ತನದ ಆಪರೇಷನ್ ಆಗಿದ್ದು ನನಗೆ ಗೊತ್ತಾಗಿದ್ದೇ ಈಗ. ಮಗಳ ಸಂಬಂಧ ಕೂಡಿಬರುವುದಿಲ್ಲ ಅಂತ ಇಪ್ಪತ್ತು ವರ್ಷ ಮುಚ್ಚಿಟ್ಟಿದ್ದರು. ಪಾಪ, ಆ ಭಯ ನನಗೆ ಅರ್ಥವಾಗುತ್ತದೆ.

ಈಗ ವಂಶವೃಕ್ಷದ ಇನ್ನೊಂದು ಪ್ರತಿ ಬರೆಯುತ್ತಿದ್ದೇನೆ. ಪ್ರತಿ ಹೆಸರಿನ ಮುಂದೆ ಏನು ಕಾಯಿಲೆ, ಯಾವ ವಯಸ್ಸಿನಲ್ಲಿ, ಅಷ್ಟೇ. ಅಪ್ಪನನ್ನು ಜೆನೆಟಿಕ್ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗುವಾಗ ಬೇಕು. ಅತ್ತೆಗೆ ನಿನ್ನೆ ಫೋನ್ ಮಾಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಳೇ ಫೈಲು ಟ್ರಂಕಲ್ಲಿದೆ, ಬಾ" ಅಂದರು. ಭಾನುವಾರ ಹೋಗುತ್ತಿದ್ದೇನೆ.